ಮನೆಯ ಮೇಲೊಂದು ಸುತ್ತು

ಇಳಿಯುವ ಮುನ್ನ ‘ಗಿಡುಗ’ ವಿಮಾನ ಎಂದಿನಂತೆ ಎಡಕ್ಕೆ ತಿರುಗಿ, ಮುರುಗೇಶಪಾಳ್ಯದ ಒಂದು ಹೆಂಚಿನ ಮನೆಯ ಮೇಲೆ ಸುತ್ತು ಹಾಕಿ, ರೆಕ್ಕೆ ವಾಲಿಸಿತು. ಅದರೊಳಗೆ ಯಾರೂ ಇರಲಿಲ್ಲ.

ಪ್ರಯೋಗಕ್ಕೆಂದು ಕಟ್ಟಿದ ಆ ಯುದ್ಧವಿಮಾನಕ್ಕೆ ‘ಕಲಿಮಿದುಳು’ ಇತ್ತು. ಪೈಲಟ್ ಹಾರಿಸುವುದನ್ನು ನೋಡಿ ನೋಡಿ ಕಲಿತು, ಕೊನೆಗೆ ಅವನಿಲ್ಲದೆಯೇ ಹಾರುವುದು ಅದರ ಕೆಲಸ. ಕಲಿಸಿದವರು ಪೈಲಟ್ ಸೇತುರಾಮ್. ಇಳಿಯುವ ಮುನ್ನ ತಮ್ಮ ಮನೆಯ ಮೇಲೊಂದು ಸುತ್ತು ಹಾಕುವುದು ಅವರ ರೂಢಿ. ರೆಕ್ಕೆ ವಾಲಿದರೆ ಹೆಂಡತಿ ಪಂಕಜಮ್ಮ ಅನ್ನಕ್ಕಿಡಬೇಕು. ಸೇತುರಾಮ್ ಸ್ಕೂಟರಿನಲ್ಲಿ ಮನೆ ಸೇರುವ ಹೊತ್ತಿಗೆ ಅನ್ನ ಬಸಿದಿರಬೇಕು. ದೇಶದ ರಕ್ಷಣೆಗೆ ಬಿಸಿ ಅನ್ನವೂ ಅಗತ್ಯವೆಂದುಕೊಂಡು ಕಲಿಮಿದುಳು ಇದನ್ನೂ ಶ್ರದ್ಧೆಯಿಂದ ಕಲಿಯಿತು. ಆಮೇಲೆ ಸೇತುರಾಮ್ ಜ್ವರ ಬಂದು ತೀರಿಕೊಂಡರು. ವಿಮಾನಕ್ಕೆ ಯಾರೂ ತಿಳಿಸಲಿಲ್ಲ.

ಪರೀಕ್ಷಾ ಸಮಿತಿಯ ಮುಖ್ಯಸ್ಥರು ದುರ್ಬೀನು ಇಳಿಸಿ, ಕಲಿಮಿದುಳು ಕಟ್ಟಿದ ವಿಜ್ಞಾನಿಯತ್ತ ತಿರುಗಿದರು.

“ಏನ್ರೀ ಇಂದುಧರ್, ಯುದ್ಧ ನಡೀವಾಗ ‘ಸ್ವಲ್ಪ ತಡೀರಿ, ಮನೇಲಿ ಹೇಳಿ ಬರ್ತೀನಿ’ ಅನ್ನುತ್ತಾ ಇದು?”

“ಆ ಸುತ್ತೊಂದನ್ನೇ ಅಳಿಸಬಹುದು ಸರ್.”

“ಅಳಿಸ್ರೀ ಮತ್ತೆ. ಇಲ್ಲಾಂದ್ರೆ ಇಂಥ ಇನ್ನೊಂದು ಮಾಡೋ ಮಾತೇ ಇಲ್ಲ.”

ಅಳಿಸುವುದು ಒಂದು ಗುಂಡಿ ಒತ್ತುವಷ್ಟೇ ಕೆಲಸ. ಆದರೆ ವಿಮಾನದ ಹೊಟ್ಟೆಯಡಿಯ ಕ್ಯಾಮೆರಾದಲ್ಲಿ ಇಂದುಧರ್ ಪ್ರತಿ ಸಲವೂ ನೋಡಿದ್ದರು: ರೆಕ್ಕೆ ವಾಲಿದೊಡನೆ ಪಂಕಜಮ್ಮ ಅಂಗಳಕ್ಕೆ ಬಂದು, ಕತ್ತೆತ್ತಿ ನೋಡಿ, ಅವಸರದಿಂದ ಒಳಗೆ ಹೋಗುತ್ತಿದ್ದರು. ಆ ಹೆಂಗಸಿಗೆ ಉಳಿದಿರುವುದು ಇದೊಂದೇ ಅನ್ನಿಸಿ, ಗುಂಡಿಯವರೆಗೆ ಹೋದ ಬೆರಳು ಹಿಂದೆ ಬಂತು.

ಇಂದುಧರ್ ಅರ್ಧ ಆಯುಷ್ಯ ಸುರಿದು ಕಟ್ಟಿದ ವಿಮಾನವನ್ನು ಸಮಿತಿ ಬೇಡವೆಂದಿತು. ಗಿಡುಗ ಶೆಡ್ಡು ಸೇರಿತು. ಅದಕ್ಕೊಂದು ತಮ್ಮನಾಗಲಿ ತಂಗಿಯಾಗಲಿ ಹುಟ್ಟಲಿಲ್ಲ.

ತಿಂಗಳು ಕಳೆದ ಮೇಲೆ ಇಂದುಧರ್ ಧೈರ್ಯ ಮಾಡಿ ಆ ಹೆಂಚಿನ ಮನೆಗೆ ಹೋದರು.

“ಪಂಕಜಮ್ಮಾ, ವಿಮಾನ ಇನ್ನು ಬರೋದಿಲ್ಲ. ಆ ಸುತ್ತು ಅಳಿಸಿದ್ರೆ ಉಳೀತಿತ್ತು. ನಿಮಗೋಸ್ಕರ ಅಳಿಸಲಿಲ್ಲ.”

ಪಂಕಜಮ್ಮ ಅವರನ್ನೇ ನೋಡಿದರು. “ಅಳಿಸೋಕೆ ಆಗ್ತಿತ್ತಾ?”

“ಆಗ್ತಿತ್ತು.”

“ಅಯ್ಯೋ, ಅಳಿಸಿಬಿಡೋದಲ್ವೇನ್ರೀ! ಸದ್ದು ಕೇಳ್ತಿದ್ದ ಹಾಗೇ ಕೈ ತಾನಾಗೇ ಅಕ್ಕಿ ತೊಳೆದಿಟ್ಟುಬಿಡೋದು. ಎಸರು ಕುದಿಯೋ ಹೊತ್ತಿಗೆ ನೆನಪಾಗೋದು, ಅವರಿಲ್ಲ ಅಂತ. ನಿಮ್ಮ ವಿಮಾನ ಹಾರಿದ ದಿನವೆಲ್ಲ ಅವರು ಹೊಸದಾಗಿ ಸಾಯೋರು. ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

ಇಂದುಧರ್ ಎದ್ದು ಚಪ್ಪಲಿ ಹುಡುಕತೊಡಗಿದರು.

“ಎಲ್ಲಿಗೆ ಹೊರಟ್ರಿ? ಊಟ ಮಾಡ್ಕೊಂಡು ಹೋಗಿ.” ಪಂಕಜಮ್ಮ ಅಡುಗೆಮನೆಯತ್ತ ತಿರುಗಿದರು. “ಸದ್ದಿಲ್ಲದಿದ್ರೂ ಇವತ್ತೂ ಇಬ್ಬರಿಗೆ ಇಟ್ಟುಬಿಟ್ಟಿದ್ದೀನಿ.”