ಮುಚ್ಚಿದ ಗಾಜಿನೊಳಗಿನ ಬಲ್ಬು

"ತಗೊಳ್ಳಿ, ಇದೂ ಹೋಯ್ತು!"

ಟೈಲರಮ್ಮ ಸತ್ತ ಎಲ್‌ಇಡಿ ಬಲ್ಬನ್ನು ಮೇಜಿನ ಮೇಲೆ ಇಟ್ಟಳು. "ನಿಮ್ಮಂಗಡಿ ಬಲ್ಬಿಗೆ ನಮ್ಮನೆ ಕಂಡರೇ ಆಗೋದಿಲ್ಲ."

ಅಂಗಡಿಯವನು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ನೋಡಬೇಕಾದ್ದು ಬಲ್ಬನ್ನು. ಕಣ್ಣು ಮಾತ್ರ ಅವಳ ಕೊರಳಲ್ಲಿ ಜೋತುಬಿದ್ದ ಅಳತೆ ಟೇಪಿನ ಮೇಲೆ ಬಿದ್ದು, ಅಲ್ಲಿಂದ ಮೆಲ್ಲಗೆ ಮೇಲೇರಿತು.

ಅವಳು ಹುಬ್ಬೇರಿಸಿದಳು. "ಬಲ್ಬ್ ನಿಮ್ಮ ಕೈಯಲ್ಲಿದೆ. ನನ್ನ ಮುಖದಲ್ಲಲ್ಲ."

"ಅಲ್ಲ... ಸಂಜೆ ಬಂದು ಮನೇಲೇ ಒಂದ್ಸಲ ನೋಡ್ತೀನಿ."

ಹೇಳಿದ ಮೇಲೆ ಅವನಿಗೆ ಹೊಳೆಯಿತು. ರೋಗದ ಮೂಲ ಸಿಕ್ಕಿದರೆ ಬಲ್ಬು ವರ್ಷಗಟ್ಟಲೆ ಬಾಳುತ್ತದೆ. ಅವಳು ಈ ಮೆಟ್ಟಿಲು ಹತ್ತುವುದು ನಿಂತುಹೋಗುತ್ತದೆ. ಜಗಳಕ್ಕಾದರೂ ಬರುತ್ತಿದ್ದಳಲ್ಲ! ಆದರೆ ಅರೆಬೆಳಕಲ್ಲಿ ಹೊಲಿದು ಹೊಲಿದು ಕೆಂಪಾದ ಆ ಕಣ್ಣು ಕಂಡೂ ಸುಮ್ಮನಿರುವುದು ಹೇಗೆ?

ಸಂಜೆ ಹೋದ. ಮಂಚದ ಮೇಲೆ ಅವಳ ಅಜ್ಜಿ ಕೂತಿದ್ದರು. ಹೊಲಿಗೆ ಮಿಷನ್ನಿನ ಸುತ್ತ ಬಟ್ಟೆಯ ಚೂರುಗಳು. ತಲೆಯೆತ್ತಿ ನೋಡಿದರೆ, ಬಿಗಿಯಾಗಿ ಮುಚ್ಚಿದ ದುಂಡು ಗಾಜಿನೊಳಗೆ, ಸದ್ಯಕ್ಕೆಂದು ಹಾಕಿದ ಇನ್ನೊಂದು ಬಲ್ಬು!

"ಅಯ್ಯೋ, ಉಸಿರು ಕಟ್ಟಿಸಿ ಇಟ್ಟಿದ್ದೀರಲ್ಲ! ಇದರ ಬುಡ ಬಿಸಿಯಾಗುತ್ತೆ. ಗಾಳಿ ಆಡದಿದ್ದರೆ ಎಂಥ ಒಳ್ಳೇದಾದರೂ ಬೇಗ ಸಾಯುತ್ತೆ."

"ಅಜ್ಜಿ ಕಣ್ಣಿಗೆ ಚುಚ್ಚುತ್ತೆ ಅಂತ ನಾನೇ ಹಾಕಿಸಿದೆ." ಅವಳ ದನಿ ಇಳಿಯಿತು. "ನಿಮ್ಮ ಬಲ್ಬೇ ಕಳಪೆ ಅಂತ ಬೀದಿಗೆಲ್ಲ ಸಾರಿಬಿಟ್ಟಿದ್ದೀನಿ."

"ತಪ್ಪು ನಿಮ್ಮೊಬ್ಬರದೇ ಅಲ್ಲ. ಇಲ್ಲಿ ಕರೆಂಟೂ ಕುಣಿಯುತ್ತಲ್ಲ."

ಗಾಜು ಬಿಚ್ಚಿ, ಕಣ್ಣಿಗೆ ತಂಪಾದ ಹಾಲುಬಣ್ಣದ ಬಲ್ಬು ಹಾಕಿದ. ಡಬ್ಬ ಅವಳ ಕೈಗಿತ್ತ. "ನೋಡಿ, ವೋಲ್ಟೇಜ್ ಎಷ್ಟಕ್ಕಿಳಿಯೋವರೆಗೆ, ಎಷ್ಟಕ್ಕೇರೋವರೆಗೆ ತಡೆಯುತ್ತೆ ಅಂತ ಇಲ್ಲಿ ಬರೆದಿರುತ್ತೆ. ಆ ಅಂತರ ದೊಡ್ಡದಿರಬೇಕು. ಬರೆಯದೇ ಇದ್ದದ್ದನ್ನ ತಗೋಬೇಡಿ, ನಾನೇ ಕೊಟ್ಟರೂ."

"ಇಷ್ಟೆಲ್ಲ ಹೇಳಿಕೊಟ್ಟರೆ ನಿಮ್ಮ ವ್ಯಾಪಾರ?"

"ಮುಳುಗಲಿ ಬಿಡಿ."

ಅವಳು ನಗು ತಡೆಯಲು ತುಟಿ ಕಚ್ಚಿಕೊಂಡಳು. ಅಂಗಡಿಯಲ್ಲೇ ಚಾರ್ಜ್ ಮಾಡಿ ತಂದಿದ್ದ ಬ್ಯಾಟರಿ ಬಲ್ಬನ್ನು ಅವನು ಮಿಷನ್ನಿನ ಮೇಲಿನ ಹೋಲ್ಡರಿಗೆ ಹಾಕಿ, ಸ್ವಿಚ್ ಒತ್ತಿದ.

ಅಷ್ಟರಲ್ಲಿ ಕರೆಂಟು ಹೋಯಿತು. ಬೀದಿಗೆ ಬೀದಿಯೇ ಕಪ್ಪಾಯಿತು. ಕತ್ತಲೆಯನ್ನು ನಂಬಿ ಇಬ್ಬರೂ ಒಮ್ಮೆಗೇ ಒಬ್ಬರನ್ನೊಬ್ಬರು ಕಣ್ತುಂಬ ನೋಡಿದರು.

ಒಳಗೆ ಕತ್ತಲೆ ಬರಲೇ ಇಲ್ಲ. ಮಿಷನ್ನಿನ ಮೇಲಿನ ಬಲ್ಬು ಉರಿಯುತ್ತಲೇ ಇತ್ತು.

ಸಿಕ್ಕಿಬಿದ್ದ ಕಳ್ಳರ ಹಾಗೆ ಒಬ್ಬಳು ಕತ್ತರಿ ಹುಡುಕಿದಳು, ಒಬ್ಬ ಸ್ಕ್ರೂಡ್ರೈವರ್ ಒರೆಸಿದ.

"ಒಳ್ಳೇ ಬಲ್ಬಪ್ಪಾ," ಎಂದರು ಅಜ್ಜಿ. "ನನಗೂ ಎಲ್ಲ ಕಾಣ್ತು."

ಅವಳ ಕಿವಿ ಕೆಂಪಾಯಿತು. "ಅಜ್ಜೀ, ಸುಮ್ನಿರು!"

ಬಾಗಿಲವರೆಗೆ ಹೋದವನು ನಿಂತ. ಈಗ ಹೇಳದಿದ್ದರೆ ಇನ್ನು ಯಾವಾಗ? "ಈ ಬಲ್ಬುಗಳು ಸದ್ಯಕ್ಕೆ ಹೋಗೋದಿಲ್ಲ. ನೀವೂ ಅಂಗಡಿ ಕಡೆ ಬರೋದಿಲ್ಲ. ಅದೊಂದೇ ಸಂಕಟ ನನಗೆ. ನೀವು ಬಂದ ದಿನವೇ ನನಗೆ ದಿನ ಅನ್ನಿಸುತ್ತೆ."

ಅವಳು ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಆಮೇಲೆ ಮುಖವೆತ್ತಿ ನೇರವಾಗಿ ನೋಡಿದಳು.

"ನಾಳೆ ಬರ್ತೀನಿ. ಬಲ್ಬು ಗಿಲ್ಬು ಏನೂ ತರೋದಿಲ್ಲ. ಸುಮ್ನೆ, ನಿಮ್ಮನ್ನ ನೋಡೋಕೆ."