ಅಳಿಯದೆ ಉಳಿದ ಫೈಲು

ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಹಿಂದಿನ ಸಂಜೆ ಬಾಯ್ಲರ್ ಸಿಡಿದು ಅವಳ ಗಂಡನ ಎರಡೂ ಕೈ ಸುಟ್ಟಿದ್ದವು.

"ಬಾಯ್ಲರ್ ಒತ್ತಡ ಏರಿಸಿದ್ದು ನಮ್ಮ ಯಜಮಾನರೇ ಅಂತ ಸೂಪರ್‌ವೈಸರ್ ಬರೆದುಕೊಟ್ಟಿದ್ದಾರೆ ಸಾರ್. ಸುಟ್ಟಿದ್ದೂ ಇವರ ಕೈ, ತಪ್ಪೂ ಇವರ ತಲೆಗೆ. ಜೈಲಿಗೆ ಹಾಕಿಸ್ತಾರಂತೆ!"

ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಜೊತೆ ಕಾರ್ಖಾನೆಗೆ ಹೋದರು. ಒತ್ತಡವನ್ನು ಯಾರು, ಯಾವಾಗ ಬದಲಿಸಿದರೆಂಬುದು ಅಲ್ಲಿ, ಹಿಂದಿನ ಸಂಜೆ ಏಳಕ್ಕೇ ಮಾಲೀಕರು ಬೀಗ ಹಾಕಿಸಿದ್ದ ಕೋಣೆಯ ಕಂಪ್ಯೂಟರಿನಲ್ಲಿ ದಿನಕ್ಕೊಂದು ಫೈಲಾಗಿ ದಾಖಲಾಗುತ್ತಿತ್ತು. ನಿನ್ನೆಯ ಫೈಲು ಮಾತ್ರ ತೆರೆಯದು, ಹೆಸರು ಬದಲಿಸಲು ಬಾರದು, ಅಳಿಸಲೂ ಬಾರದು.

"ವೈರಸ್ ಸಾರ್," ಎಂದ ಸೂಪರ್‌ವೈಸರ್. "ಒಂದ್ಸಲ ಆಫ್ ಮಾಡಿ ಆನ್ ಮಾಡಿ. ಸರಿಹೋಗುತ್ತೆ."

ಇನ್ಸ್‌ಪೆಕ್ಟರ್ ಸ್ವಿಚ್ಚಿಗೆ ಕೈ ಹಾಕಿದರು. ಕಾನ್‌ಸ್ಟೆಬಲ್ ಅಡ್ಡ ಬಂದಳು.

"ಏನಮ್ಮಾ, ನನಗೇ ಅಡ್ಡ ಬರ್ತೀಯಾ?"

"ಬೈಯೋದಿದ್ರೆ ಆಮೇಲೆ ಬೈಯಿರಿ ಸಾರ್. ಸ್ವಿಚ್ ಮಾತ್ರ ಮುಟ್ಟಬೇಡಿ."

ಅವಳು ಇಬ್ಬರು ಪಂಚರನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಒತ್ತುವ ಪ್ರತಿ ಕೀಲಿಯನ್ನೂ ಸಮಯ ಸಮೇತ ಪಂಚನಾಮೆಗೆ ಬರೆಸಿದಳು. ಸಿಡಿತದಲ್ಲಿ ಅರ್ಧಕ್ಕೇ ನಿಂತ ಒಂದು ಪ್ರೋಗ್ರಾಂ ಆ ಫೈಲನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಆಮೇಲೆ ಸಿಕ್ಕಿದ್ದು ಇನ್ನೂ ದೊಡ್ಡದು: ಕಂಪ್ಯೂಟರ್ ಮತ್ತೆ ಶುರುವಾದ ಕೂಡಲೇ ಆ ಫೈಲನ್ನು ಅಳಿಸು ಎಂದು ಯಾರೋ ಆಜ್ಞೆ ಕೊಟ್ಟಿಟ್ಟಿದ್ದರು.

ಇನ್ಸ್‌ಪೆಕ್ಟರ್ ತಮ್ಮ ಕೈಯನ್ನೇ ನೋಡಿಕೊಂಡರು. ಇನ್ನೊಂದು ಚಿಟಿಕೆ ಹೊಡೆಯುವಷ್ಟು ಹೊತ್ತು ಕಳೆದಿದ್ದರೆ ಸಾಕ್ಷಿಯನ್ನು ಪೊಲೀಸರೇ ಕೊಂದಿರುತ್ತಿದ್ದರು! ಬೀಗ ಒಡೆದು ಸಾಕ್ಷಿ ತಂದವರನ್ನು ಅವರು ಬೇಕಾದಷ್ಟು ಕಂಡಿದ್ದರು. ಹೀಗೆ ಕೂತಲ್ಲೇ ಕೂತು, ನೂಲಿನ ಗಂಟು ಬಿಡಿಸಿದಂತೆ ಬಿಡಿಸಿದವಳು ಇವಳೊಬ್ಬಳೇ.

ಅವಳು ಆಜ್ಞೆಯನ್ನು ರದ್ದು ಮಾಡಿ, ಆ ಪ್ರೋಗ್ರಾಮನ್ನಷ್ಟೇ ನಿಲ್ಲಿಸಿದಳು. ಫೈಲು ತೆರೆಯಿತು.

"ನಿನ್ನೆ ಆರು ಐವತ್ತೈದಕ್ಕೆ ಇಲ್ಲಿ ಯಾರು ಕೂತಿದ್ರು?" ಇನ್ಸ್‌ಪೆಕ್ಟರ್ ಸೂಪರ್‌ವೈಸರನ್ನು ಕೇಳಿದರು.

"ನೆನಪಿಲ್ಲ ಸಾರ್."

"ಇದಕ್ಕೆ ನೆನಪಿದೆ. ಆ ಹೊತ್ತಿಗೆ ಫೈಲು ಅಳಿಸೋಕೆ ಹೇಳಿದ್ದು ನಿಮ್ಮ ಪಾಸ್‌ವರ್ಡಿನಿಂದ. ನಾಲ್ಕು ಹನ್ನೆರಡಕ್ಕೆ ಒತ್ತಡ ಏರಿಸಿದ್ದೂ ಅದರಿಂದಲೇ. ಇನ್ನೇನಾದ್ರೂ ಮರೆತಿದ್ದೀರಾ?"

ಸೂಪರ್‌ವೈಸರ್ ಗೋಡೆಗೆ ಒರಗಿದ.

ಮೂರು ಇಪ್ಪತ್ತಕ್ಕೆ ಬಂಧನವಾಯಿತು. ಇನ್ಸ್‌ಪೆಕ್ಟರ್ ತಾವೇ ಆಸ್ಪತ್ರೆಯಲ್ಲಿದ್ದ ಆ ಹೆಂಗಸಿಗೆ ಫೋನ್ ಮಾಡಿ, "ನಿಮ್ಮ ಯಜಮಾನರದ್ದು ತಪ್ಪಿಲ್ಲಮ್ಮ. ಅದನ್ನ ಕಂಡುಹಿಡಿದವಳು ನಮ್ಮ ಹುಡುಗಿ," ಎಂದರು.

ಹೇಳಿಕೆ ಕೊಡುವಾಗ ಸೂಪರ್‌ವೈಸರ್ ತಲೆ ಎತ್ತಲಿಲ್ಲ. ಕೆಲಸ ಬೇಗ ಮುಗಿಯಲೆಂದು ಒತ್ತಡ ಸ್ವಲ್ಪ ಏರಿಸಿದ್ದಂತೆ, ಅಷ್ಟೆ.

"ಹತ್ತೊಂಬತ್ತು ವರ್ಷ ನನ್ನ ಕೈಕೆಳಗೆ ಒಬ್ಬರಿಗೂ ಒಂದು ಗಾಯ ಆಗಿರಲಿಲ್ಲ ಸಾರ್. ಹೊಸಬರು ಬಂದ್ರೆ ನನ್ನನ್ನೇ ತೋರಿಸಿ, ಇವರನ್ನ ನೋಡಿ ಕಲೀರಿ ಅಂತಿದ್ರು. ಆ ಹೆಸರನ್ನ ಕಳಕೊಳ್ಳೋಕೆ ಮನಸ್ಸು ಬರಲಿಲ್ಲ."