ಜೋಡುನಳಿಗೆಯ ಕಾವು

"ಗೋಡೆಗೆ ಹಾಕ್ಕೊಳ್ಳಿ ಡಾಕ್ಟ್ರೇ. ಎಣ್ಣೆ ಒರೆಸಿ, ನೋಡಿ ಖುಷಿಪಡಿ. ಮದ್ದು ಮಾತ್ರ ತುಂಬಬೇಡಿ."

ಕೋವಿ ರಿಪೇರಿ ಅಂಗಡಿಯ ಮುದುಕಿ ಹೀಗೆಂದಾಗ ಹಲ್ಲಿನ ಡಾಕ್ಟರ್ ಅವಳ ಮುಖಕ್ಕೇ ನಕ್ಕುಬಿಟ್ಟ. ಅವನು ಈ ಊರಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಶೂಟಿಂಗ್ ಕ್ಲಬ್ಬಿಗೆ ಸೇರಿದ ಆರೇ ತಿಂಗಳಲ್ಲಿ ಅವನ ಮನೆಯ ಗೋಡೆಯ ಮೇಲೆ ಐದು ಹಳೆಯ ಕೋವಿಗಳು ಸೇರಿದ್ದವು. ಆರನೆಯದು ಈ ಜೋಡುನಳಿಗೆ. ಕ್ಲಬ್ಬಿನ ಹಿರಿಯರೊಬ್ಬರು ತೀರಿಕೊಂಡ ಮೇಲೆ, ಬೆಲೆ ಗೊತ್ತಿರುವವನ ಹತ್ತಿರ ಇರಲಿ ಎಂದು ಅವರ ಹೆಂಡತಿ ಇವನಿಗೆ ಕೊಟ್ಟಿದ್ದರು. ತುಕ್ಕು ತೆಗೆಯಲೆಂದು ಅವನು ಅದನ್ನು ಮುದುಕಿಗೆ ಒಪ್ಪಿಸಿದ್ದ.

ಅಂಗಡಿಯೆಂದರೆ ಒಂದು ಉದ್ದನೆಯ ಕತ್ತಲೆ. ಅದರ ತುಂಬ ಅಗಸೆ ಎಣ್ಣೆ, ಕಬ್ಬಿಣದ ಪುಡಿ, ಹಳೆಯ ಹೊಗೆಗಳ ವಾಸನೆ.

"ಯಾಕೆ, ಒಳಗೆ ದೆವ್ವ ಇದೆಯಾ?"

"ದೆವ್ವ ಆಗಿದ್ರೆ ಓಡಿಸಬಹುದಿತ್ತು. ಇದು ಸಿಟ್ಟು." ಮುದುಕಿ ದನಿ ತಗ್ಗಿಸಿದಳು. "ಹಿಂದೆ ಒಬ್ಬ ದೊಡ್ಡ ಮನುಷ್ಯ ಇದ್ರಲ್ಲಿ ಒಬ್ಬಳ ಮಗನನ್ನ ಹೊಡೆದುಹಾಕ್ದ. ದಾರಿ ಬಿಡೋದು ಒಂದು ಗಳಿಗೆ ತಡವಾಯ್ತು ಅಂತ. ಯಾರೂ ಏನೂ ಕೇಳ್ಲಿಲ್ಲ. ಆ ತಾಯಿ ಮಾಟ ಬಲ್ಲೋಳು. ಮಗನ ರಕ್ತದಲ್ಲಿ ತಗಡಿನ ಮೇಲೆ ಬರೆದು, ಈ ಹಿಡಿಯೊಳಗಿಟ್ಟು ಮೊಳೆ ಹೊಡೆದಳು. ಇದನ್ನ ಹೊಡೆದೋನ ಸಿಟ್ಟು ಆರದಿರಲಿ, ಅವನಿಗೆ ಜೀವಕ್ಕಿಂತ ಹೆಚ್ಚಾದೋರ ಮೇಲೇ ಅದು ಹರೀಲಿ ಅಂತ. ಆ ಮನುಷ್ಯ ತನ್ನ ಮನೇಲಿ ಒಬ್ಬರನ್ನೂ ಉಳಿಸ್ಲಿಲ್ಲ."

"ತಗಡು ಕಿತ್ತು ಬಿಸಾಕಿದ್ರೆ ಆಗಿತ್ತಲ್ಲ?"

"ನಮ್ಮಪ್ಪ ಬಿಚ್ಚಿ ನೋಡ್ದ. ತಗಡು ಇರ್ಲಿಲ್ಲ. ಮರದ ಮೇಲೆ ಅಕ್ಷರ ಮಾತ್ರ ಸುಟ್ಟುಕೊಂಡಿತ್ತು."

"ನನಗೆ ಕೊಟ್ಟೋರ ಯಜಮಾನರಿಗೆ ಏನೂ ಆಗ್ಲಿಲ್ಲವಲ್ಲ!"

"ಅವರು ನನ್ನ ಮಾತು ಕೇಳಿದ್ರು. ಹಾಸಿಗೆ ಮೇಲೆ ಸತ್ರು."

ಡಾಕ್ಟರ್ ಕೋವಿಯನ್ನು ಬೆಳಕಿಗೆ ಹಿಡಿದ. ಆಗಲೇ ಅವನ ಕಣ್ಣಿಗೆ ಬಿತ್ತು. ಮದ್ದಿಗೆ ಕಿಡಿ ಕೊಡುವ ಕೇಪು ಕೂರಿಸುವ ಎರಡೂ ಮೊನೆಗಳ ತೂತಿಗೆ ಮುದುಕಿ ಸೀಸ ತುಂಬಿದ್ದಳು. ಅವನ ನಗು ಹಾರಿಹೋಯಿತು.

"ಕೇಳದೆ ಯಾಕೆ ಮುಟ್ಟಿದ್ರಿ? ಒಬ್ಬ ಕುಶಲಕರ್ಮಿ ಕೈಯಾರೆ ಮಾಡಿದ ವಸ್ತು ಇದು! ನಿಮ್ಮ ಕಟ್ಟುಕತೆಗೆ ಇದರ ಉಸಿರು ಕಟ್ಟಿಸ್ತೀರಾ?"

ಅವನು ಕೋವಿ ಎತ್ತಿಕೊಂಡು, ಬಾಗಿಲನ್ನು ಧಡಾರನೆ ಹಾಕಿಕೊಂಡು ಹೊರಟ.

ಶನಿವಾರ ಕೊನೆಯ ರೋಗಿ ಹೋದ ಮೇಲೆ ಅವನು ಹಲ್ಲು ಕೊರೆಯುವ ಯಂತ್ರದಿಂದಲೇ ಸೀಸ ತೆಗೆಯಲು ಕುಳಿತ. ಪಕ್ಕದಲ್ಲಿ ದೀಪ ಹಿಡಿದು ತಮ್ಮ ನಿಂತಿದ್ದ. ಶಾಲೆಯಲ್ಲಿ ಆಟದ ಮೇಷ್ಟ್ರು. ಯಾರ ಮೇಲೂ ದನಿ ಏರಿಸದವನು. ಏಳು ವರ್ಷದವನಿದ್ದಾಗ ಅಪ್ಪ ಅಮ್ಮ ಇಬ್ಬರೂ ಹೋಗಿ, ಅಣ್ಣನೇ ತಲೆ ಬಾಚಿ, ಊಟ ಹಾಕಿ ಬೆಳೆಸಿದ್ದ.

"ಇದಕ್ಕೆ ನೋವಾಗ್ದೇ ಇರೋಕೆ ಇಂಜೆಕ್ಷನ್ ಕೊಟ್ಯಾ ಅಣ್ಣ?"

ಡಾಕ್ಟರ್ ನಕ್ಕ. ಸೀಸ ಎಳೆಎಳೆಯಾಗಿ ಹೊರಬಂತು. ಲವಂಗದೆಣ್ಣೆಯ ಪರಿಮಳವಿದ್ದ ಆ ಕೋಣೆಯಲ್ಲಿ ಎಲ್ಲಿಂದಲೋ ಕೂದಲು ಸುಟ್ಟ ನಾತ ಎದ್ದಿತು.

ಮರುದಿನ ಬೆಳಗ್ಗೆ ಹಳೆಯ ಕಲ್ಲುಗಣಿಯಲ್ಲಿದ್ದ ಕ್ಲಬ್ಬಿನ ಮೈದಾನಕ್ಕೆ ಅಣ್ಣತಮ್ಮಂದಿರಿಬ್ಬರೇ ಬಂದರು. ಡಾಕ್ಟರಿಗೆ ಹಳೆಯ ಕೋವಿಗಳ ಹುಚ್ಚು ಹಿಡಿದದ್ದು ಈ ಕೆಲಸದಿಂದಲೇ. ಮದ್ದು ಅಳೆದು ಸುರಿಯಬೇಕು. ಬಟ್ಟೆಯ ಚೂರಿನಲ್ಲಿ ಗುಂಡನ್ನು ಕೂರಿಸಿ, ಗಜದ ಕೋಲಿನಿಂದ ತಳಮುಟ್ಟ ತಳ್ಳಬೇಕು. ಕೇಪು ಸಿಕ್ಕಿಸಿ, ಅದರ ಮೇಲೆ ಬಡಿಯುವ ಕುದುರೆಯನ್ನು ಹಿಂದಕ್ಕೆ ಎಳೆಯಬೇಕು. ಒಂದು ಗುಂಡಿಗೆ ಇಷ್ಟು ತಾಳ್ಮೆ. ಆಮೇಲೆ ಭುಜಕ್ಕೆ ಗೆಳೆಯ ತಳ್ಳಿದಂಥ ಒಂದು ನೂಕು, ಬೆಳ್ಳನೆಯ ಹೊಗೆ, ಗಂಧಕದ ಘಾಟು. ಗುರಿ ತಾಕಿತೋ ಇಲ್ಲವೋ ತಿಳಿಯಲು ಹೊಗೆ ಚದುರುವತನಕ ಉಸಿರು ಬಿಗಿಹಿಡಿದು ಕಾಯಬೇಕು. ಆ ಕಾಯುವಿಕೆಯಲ್ಲಿ ಅವನು ಚಿಕ್ಕ ಹುಡುಗನಾಗಿಬಿಡುತ್ತಿದ್ದ.

ಮೊದಲ ಗುಂಡು ನಟ್ಟನಡುವೆ ಬಿತ್ತು. ತಮ್ಮ ಚಪ್ಪಾಳೆ ತಟ್ಟಿದ.

ಎರಡನೆಯದು ಅಂಚಿಗೆ ತಾಕಿತು. "ಬಲಕ್ಕೆ ಹೋಯ್ತಣ್ಣ."

ಅಷ್ಟೇ ಮಾತು. ಡಾಕ್ಟರನ ಕಿವಿಯ ಹಿಂದೆ ಏನೋ ಚುರ್ ಎಂದಿತು. ನಳಿಗೆಗಳು ಕಾದಿದ್ದವು. ಆರಲೆಂದು ಕಾದ. ಹತ್ತು ನಿಮಿಷ. ಅರ್ಧ ಗಂಟೆ. ಕಾವು ಇಳಿಯಲಿಲ್ಲ. ಒದ್ದೆ ಬಟ್ಟೆ ಸುತ್ತಿದರೆ ಬಟ್ಟೆಯೇ ಹಬೆಯಾಡಿತು.

"ಸಾಕು ಬಿಡು. ಕಾದ ನಳಿಗೆಗೆ ಮದ್ದು ಹಾಕಬಾರ್ದು ಅಂತ ನೀನೇ ಹೇಳ್ತೀಯ."

"ನೀನು ನನಗೆ ಕಲಿಸ್ತೀಯಾ?"

ಎರಡೂ ನಳಿಗೆಗೆ ಮದ್ದು ಸುರಿದ. ಅದು ಹತ್ತಿಕೊಳ್ಳಲಿಲ್ಲ. ಯಾವುದಕ್ಕೋ ಕಾದಿತ್ತು. ಗುಂಡು ತಳ್ಳಿ, ಕೇಪು ಸಿಕ್ಕಿಸಿ, ಎರಡೂ ಕುದುರೆ ಎಳೆದ. ನಳಿಗೆಯೊಳಗಿಂದ ಹೆಂಗಸಿನ ಉಸಿರಾಟ ಕೇಳಿಸಿತು. ಅತ್ತೂ ಅತ್ತೂ ಬತ್ತಿದ ಗಂಟಲಿನ ಉಸಿರು. ಕೂದಲು ಸುಟ್ಟ ನಾತ. ಎದೆಯಲ್ಲಿ ಸಿಟ್ಟು ಏರಿತು. ಬೆಲ್ಲದ ಪಾಕದ ಹಾಗೆ ಸಿಹಿಯಾಗಿ, ಅಂಟಂಟಾಗಿ ಏರಿತು. ಇವನ ಜ್ವರ. ಇವನ ಶಾಲೆ. ಇವನ ಪರೀಕ್ಷೆ. ನನ್ನ ಮದುವೆಯ ವಯಸ್ಸು ಇವನ ತಲೆ ಬಾಚುವುದರಲ್ಲೇ ಕಳೆಯಿತು. ಈಗ ಬಲಕ್ಕೆ ಹೋಯ್ತು ಅನ್ನುತ್ತಾನೆ. ಬಲಕ್ಕೆ!

ಕೋವಿ ತಿರುಗಿತು.

"ಅಣ್ಣ. ತಮಾಷೆ ಬೇಡ."

ಡಾಕ್ಟರಿಗೂ ಬೇಡವಾಗಿತ್ತು. ಬೆರಳು ಬಿಡಲಿಲ್ಲ. ಬಿಡು ಎಂದ. ಬಿಡಲಿಲ್ಲ. ಬಲಗೈ ಅವನದಾಗಿರಲಿಲ್ಲ. ಎಡಗೈ ಇನ್ನೂ ಇತ್ತು. ತಮ್ಮನ ಕಣ್ಣು. ತಮ್ಮನ ಎತ್ತಿದ ಕೈಗಳು. ಎಡ ಅಂಗೈಯನ್ನು ನಳಿಗೆಗಳ ಬಾಯಿಗೆ ಅದುಮಿದ. ಮೈಭಾರವೆಲ್ಲ ಹಾಕಿ ಕೆಳಕ್ಕೆ ತಳ್ಳಿದ.

ಢಮ್.

ಹೊಗೆ. ಬಿಸಿ. ಆಮೇಲೆ ಮಣಿಕಟ್ಟಿನ ಕೆಳಗೆ ಏನೂ ಇರಲಿಲ್ಲ.

ತಮ್ಮ ತನ್ನ ಅಂಗಿ ಕಳಚಿ ಅಣ್ಣನ ತೋಳು ಬಿಗಿದು ಕಟ್ಟಿದ, ಅಳುತ್ತಲೇ ಆಂಬುಲೆನ್ಸಿಗೆ ಫೋನ್ ಮಾಡಿದ. ಇನ್ನೊಂದು ನಳಿಗೆ ತುಂಬಿಯೇ ಇತ್ತು. ಕಾದ ಕೋವಿಯನ್ನು ಹಾಗೇ ಬಿಟ್ಟರೆ ಇನ್ನಾರ ಜೀವಕ್ಕೆ ಕುತ್ತೋ ಎಂದು ಅದನ್ನೆತ್ತಿ, ಗಣಿಯ ಮಣ್ಣುಗೋಡೆಗೆ ಗುರಿಯಿಟ್ಟ. "ಬೇಡ!" ಎಂದು ಡಾಕ್ಟರ್ ಕೂಗಿದ್ದು ಶಬ್ದದಲ್ಲಿ ಮುಳುಗಿಹೋಯಿತು. ಹೊಗೆ ಚದುರಿದಾಗ ತಮ್ಮ ಅಳುವುದನ್ನು ನಿಲ್ಲಿಸಿದ್ದ.

ಆಸ್ಪತ್ರೆಯ ಒಂಬತ್ತು ದಿನಗಳಲ್ಲಿ ತಮ್ಮ ಒಂದು ಸಲವೂ ಬರಲಿಲ್ಲ. ಮುದುಕಿ ಬಂದಳು. ಮಂಚದ ಕಾಲ ಬಳಿ ನಿಂತಳು.

"ನನ್ನ ಎದೇಲಿ ಸಿಟ್ಟು ಒಂದು ಚೂರೂ ಉಳಿದಿಲ್ಲ," ಎಂದ ಡಾಕ್ಟರ್.

"ಎಲ್ಲಿ ಉಳಿಯುತ್ತೆ? ಕಡೇಲಿ ಹೊಡೆದೋರ ಹಿಂದೆ ಹೋಗುತ್ತೆ."

"ಅವನಿಂದ ಹೇಗೆ ಬಿಡಿಸೋದು? ಹೇಳಿ, ಕಾಲಿಗೆ ಬೀಳ್ತೀನಿ."

"ಎರಡು ಕೈ ಇದ್ದಾಗ ಕೇಳ್ಬೇಕಿತ್ತು!" ಮುದುಕಿಯ ತುಟಿ ಕೋಪದಿಂದ ಅದುರಿತು. "ಇನ್ನೊಬ್ಬ ಹೊಡೀಬೇಕು. ಬೇರೆ ದಾರಿ ಇಲ್ಲ."

ಡಾಕ್ಟರ್ ಅಂದೇ ಮನೆಗೆ ಹೋದ. ಮಟಮಟ ಮಧ್ಯಾಹ್ನ. ಅಂಗಳದಲ್ಲಿ ಗಾಜಿನ ಚೂರು, ಮುರಿದ ಕುರ್ಚಿ. ಪಕ್ಕದ ಮನೆಯವರು ಕಿಟಕಿಯ ಸಂದಿಯಿಂದ ಇಣುಕುತ್ತಿದ್ದರು. ಹಜಾರದಲ್ಲಿ ತಮ್ಮ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಎರಡು ಕುದುರೆಗಳೂ ಮೇಲಕ್ಕೆದ್ದಿದ್ದವು.

"ಕೊಡು ಮರಿ. ನಾನೊಂದು ಸಲ ಹೊಡೆದ್ರೆ ನಿನಗೆ ಬಿಡುಗಡೆ."

"ಮತ್ತೆ ನೀನೇನಾ?" ತಮ್ಮನ ದನಿಯನ್ನು ಅವನು ಅಷ್ಟು ಎತ್ತರದಲ್ಲಿ ಎಂದೂ ಕೇಳಿರಲಿಲ್ಲ. "ಎಲ್ಲದಕ್ಕೂ ನೀನೇ! ನನಗೋಸ್ಕರ ಅದು ಬಿಟ್ಟೆ, ಇದು ಬಿಟ್ಟೆ ಅಂತ ಊರ ತುಂಬ ಹೊಗಳಿಸ್ಕೊಂಡೆ. ಈಗ ಕೈ ಬೇರೆ! ಬಿಡು ಅಂತ ನಾನು ಕೇಳಿದ್ನಾ? ಯಾವತ್ತಾದ್ರೂ ಕೇಳಿದ್ನಾ?"

"ಇಲ್ಲ."

"ಹಾಗಾದ್ರೆ ಒಳಗೆ ಬಾ."

ತಮ್ಮನ ಹಣೆಯ ನರ ಉಬ್ಬಿತ್ತು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಬೆರಳು ಟ್ರಿಗರಿನ ಮೇಲಿತ್ತು. ಹೊರಗೆ ರಸ್ತೆ ತೆರೆದೇ ಇತ್ತು, ಓಡಬಹುದಿತ್ತು. ತಾನು ಓಡಿದರೆ ಈ ಸಿಟ್ಟು ಆ ಕಿಟಕಿಗಳ ಕಡೆ ತಿರುಗುತ್ತದೆಯೇನೋ.

ಡಾಕ್ಟರ್ ಹೊಸಿಲು ದಾಟಿದ. ಉಳಿದ ಕೈಯಿಂದ ಬಾಗಿಲು ಮುಚ್ಚಿ, ಚಿಲಕ ಹಾಕಿದ.